ಮಜ್ಜಿಗೆ ವಿಮಾನದ ಹೆಪ್ಪು

ಮಾಳಮಡ್ಡಿಯ ಪಾರವ್ವನ ಮನೆಯ ಮೊಸರಿನಲ್ಲಿ ಚಿಮಣಿ ಎಣ್ಣೆಯ ವಾಸನೆ ಬಂದ ದಿನ ಮೊದಲು ಬೈಸಿಕೊಂಡವನು ಹಾಲಿನವನು. ಆಮೇಲೆ ಪಾತ್ರೆ ತಿಕ್ಕುವ ಸೋಪು. ಕೊನೆಗೆ, ಬೈಯಲು ಮನೆಯಲ್ಲಿ ಬೇರೇನೂ ಉಳಿಯದೆ, ಸೊಸೆ.

"ನೀಲಾ, ಫ್ಯಾಕ್ಟರಿ ಕೈಲೇ ಏನರ ಗಡಿಗಿ ಮುಟ್ಟಿಯೇನ ಮತ್ತ?"

"ಇಲ್ಲ ಅತ್ತಿ. ನಾ ಅಡಗಿಮನಿ ಕಡೆ ಬಂದು ಯಾವ ಕಾಲ ಆತು."

"ಅದೂ ಖರೇನ ಬಿಡು," ಎಂದು ಪಾರವ್ವ ಒಪ್ಪಿಕೊಂಡಳು. ಆ ಒಪ್ಪಿಗೆಯಲ್ಲೂ ಒಂದು ಚುಚ್ಚು ಇತ್ತು.

ಡಾಕ್ಟರ್ ನೀಲಾಂಬಿಕಾ ಬಳಿಗಾರ ನಗುತ್ತಲೇ ಗಡಿಗೆಯ ಮೇಲೆ ಬಗ್ಗಿದಳು. ನಗು ಅಲ್ಲಿಯೇ ನಿಂತುಹೋಯಿತು. ಓಣಿಯವರಿಗೆಲ್ಲ ಅದು ಚಿಮಣಿ ಎಣ್ಣೆಯ ವಾಸನೆ. ಅವಳಿಗೆ ಅದು ದಿನಾ ಬೆಳಗಾದರೆ ಮೂಗಿಗೆ ಬಡಿಯುವ, ಇಲ್ಲಿಯವರೆಗೆ ಅಭಿಮಾನ ಪಟ್ಟಿದ್ದ ವಾಸನೆ. ವಿಮಾನದ ಇಂಧನದ್ದು.

ಕಲ್ಲೆಣ್ಣೆ ಸುಟ್ಟು ಹಾರುವ ವಿಮಾನಗಳ ಕಾಲ ಮುಗಿದು ಹತ್ತಿರ ಹತ್ತಿರ ಒಂದು ತಲೆಮಾರಾಗಿತ್ತು. ಎಣ್ಣೆಯ ಬೆಲೆ, ಅದರ ಹೊಗೆಯ ಮೇಲಿನ ದಂಡ ಎರಡೂ ಸೇರಿ ಟಿಕೆಟ್ಟು ಶ್ರೀಮಂತರಿಗೂ ಭಾರವಾಯಿತು. ಬ್ಯಾಟರಿ ಕೂಡಿಸಿ ನೋಡಿದರು. ಬ್ಯಾಟರಿಯ ತೂಕ ಹೊರುವುದರಲ್ಲೇ ವಿಮಾನದ ಶಕ್ತಿ ಮುಗಿಯುತ್ತಿತ್ತು. ಹೈಡ್ರೋಜನ್‌ಗೆ ಹೊಸ ವಿಮಾನ, ಹೊಸ ಟ್ಯಾಂಕು, ಹೊಸ ನಿಲ್ದಾಣ ಎಲ್ಲವೂ ಬೇಕಿತ್ತು. ಇರುವ ವಿಮಾನಗಳು ಹಳೆಯ ಜಾತಿಯ ಎಣ್ಣೆಯನ್ನೇ ಕೇಳುತ್ತಿದ್ದವು. ಆಗ ವ್ಯೋಮಸುಧಾ ಎಂಬ ಕಂಪನಿಯ ಪ್ರಯೋಗಾಲಯದಲ್ಲಿ ನೀಲಾ ಒಂದು ಪ್ರಶ್ನೆ ಕೇಳಿದ್ದಳು. ಹಾಲಿನ ಸಕ್ಕರೆಯನ್ನು ತಿಂದು ಹುಳಿ ಮಾಡುವ ಮೊಸರಿನ ಜೀವಿಗೆ, ಹುಳಿಯ ಬದಲು ಎಣ್ಣೆ ಮಾಡುವುದನ್ನು ಕಲಿಸಿದರೆ?

ಆಹಾರವೇನು ಬೇಕಾದಷ್ಟಿತ್ತು. ಪನೀರು, ಪೇಡೆ ಮಾಡುವವರು ಹಾಲೊಡೆದ ನೀರನ್ನು ಟ್ಯಾಂಕರ್‌ಗಟ್ಟಲೆ ಚರಂಡಿಗೆ ಚೆಲ್ಲುತ್ತಿದ್ದರು. ಬೇಕಾದದ್ದು ಕಲಿಯಬಲ್ಲ ಒಂದು ಜೀವಿ. ಅದಕ್ಕಾಗಿ ದೇಶ ವಿದೇಶದ ಮೊಸರೆಲ್ಲ ತರಿಸಿದರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದ ಹಾಗಾಯಿತು. ಕೊನೆಗೆ ಹದವಾದ ಜೀವಿ ಸಿಕ್ಕಿದ್ದು ಅತ್ತೆಯ ಗಡಿಗೆಯಲ್ಲೇ. ಮೊಸರಿನಲ್ಲಿದ್ದ ಹತ್ತಾರು ಜಾತಿಯ ಜೀವಿಗಳಲ್ಲಿ ಅದೊಂದನ್ನು ಬೇರ್ಪಡಿಸಿ, ತಿದ್ದಿ, ಬೆಳೆಸಿದಳು. ಮೊದಲ ವಿಮಾನ ಹುಬ್ಬಳ್ಳಿಯಿಂದ ಎದ್ದಾಗ ನಿಲ್ದಾಣದ ಬೇಲಿಯ ಬಳಿ ನಿಂತು ಗಳಗಳ ಅತ್ತಿದ್ದಳು.

ಜನ ಅದಕ್ಕೆ ಮಜ್ಜಿಗೆ ವಿಮಾನ ಎಂದು ಹೆಸರಿಟ್ಟರು. ದರ ಬಸ್ಸಿನ ದರಕ್ಕಿಳಿಯಿತು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಮುದುಕರು ಮುದುಕಿಯರು ಕಾಶಿಗೆ ಹಾರಿದರು. ಪಾರವ್ವನೂ ಹೋಗಿ ಬಂದಳು. ಅವಳು ಊರಲ್ಲಿಲ್ಲದಾಗ ಹಾಲು ಕಾಸಿ ಹೆಪ್ಪು ಹಾಕುವವರಿಲ್ಲದೆ ಮನೆಯ ಮೊಸರು ಕೆಟ್ಟಿತು. ತಿರುಗಿ ಬಂದವಳು ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದು ಅದೇ ಗಡಿಗೆಗೆ ಹಾಕಿದಳು. ಇದರಲ್ಲಿ ವಿಶೇಷವೇನೂ ಇಲ್ಲ. ಊರಿನ ಅರ್ಧ ಮೊಸರು ಹಾಗೆಯೇ ಮನೆಯಿಂದ ಮನೆಗೆ ನಡೆದು ಬಂದದ್ದು.

*

ಪ್ರಯೋಗಾಲಯದಲ್ಲಿ ನೀಲಾ ಮನೆಯ ಮೊಸರಿನೊಳಗೆ, ತಿದ್ದಿದ ಜೀವಿ ಇದ್ದರೆ ನೀಲಿಯಾಗುವ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿದಳು. ಬಿಳಿಯ ಪಟ್ಟಿ ನೀಲಿಯಾಯಿತು. ಓಣಿಯ ನಾಲ್ಕಾರು ಮನೆಗಳಿಂದ ನೆಪ ಹೇಳಿ ತಂದ ಮೊಸರೂ ನೀಲಿ ತೋರಿಸಿತು. ಕಾಶಿಗೆ ಹೋಗುವ ದಾರಿಯಲ್ಲಿ ಪುಣೆಯಲ್ಲಿದ್ದ ತಂಗಿಯ ಮನೆಗೆ ಬುತ್ತಿ ಇಳಿಸಿ ಹೋಗಿದ್ದ ಓಣಿಯವರೊಬ್ಬರ ನೆನಪಾಗಿ, ಪುಣೆಯ ಗೆಳತಿಗೆ ಫೋನು ಮಾಡಿದಳು. ಅಲ್ಲಿಯೂ ಎರಡು ಮನೆಗಳಲ್ಲಿ ಮೊಸರು ನಾರುತ್ತಿತ್ತಂತೆ. ಫ್ರಿಜ್ ಕೆಟ್ಟಿದೆ ಎಂದುಕೊಂಡಿದ್ದರಂತೆ.

ಅವಳು ಹೊಸ ಪಟ್ಟಿಯೊಂದನ್ನು ಇನ್ನೊಮ್ಮೆ ಅದ್ದಿ ನೋಡಿದಳು. ಏಕೆಂದರೆ ಹೀಗಾಗುವುದು ಸಾಧ್ಯವೇ ಇರಲಿಲ್ಲ. ಆ ಜೀವಿಗೆ ಅವಳೇ ಒಂದು ಬೀಗ ಹಾಕಿದ್ದಳು. ಪ್ರಕೃತಿಯಲ್ಲಿ ಎಲ್ಲಿಯೂ ಸಿಗದ ಒಂದು ಪೋಷಕಾಂಶವನ್ನು ಟ್ಯಾಂಕಿಗೆ ಬೆರೆಸದಿದ್ದರೆ ಅದು ಉಪವಾಸ ಬಿದ್ದು ಸಾಯಬೇಕು. ಎಷ್ಟೋ ಸಲ ಪರೀಕ್ಷಿಸಿದ್ದರು. ಪ್ರತಿ ಸಲವೂ ಫ್ರೀಜರಿನಿಂದ ಹೊಸ ಸೀಸೆ ತೆಗೆದು ಹಾಲಿಗೆ ಬಿಟ್ಟರೆ, ಪ್ರತಿ ಸಲವೂ ಸತ್ತಿತ್ತು.

ಪ್ರತಿ ಸಲವೂ ಹೊಸ ಸೀಸೆ. ತಪ್ಪು ಅಲ್ಲೇ ಇತ್ತು. ಹೆಪ್ಪು ಹಾಕುವವರು ಯಾರೂ ಹೊಸ ಸೀಸೆ ಒಡೆಯುವುದಿಲ್ಲ. ನಿನ್ನೆಯ ಮೊಸರು ಇವತ್ತಿನ ಹಾಲಿಗೆ, ಇವತ್ತಿನದು ನಾಳೆಗೆ. ಯಾರ ತೋಳಿಗೋ, ಯಾರ ಬುತ್ತಿ ಡಬ್ಬಿಗೋ ಅಂಟಿ ಫ್ಯಾಕ್ಟರಿಯಿಂದ ಹೊರಬಂದ ಒಂದು ಹನಿಯಲ್ಲಿ ಸಾಯದೆ ಉಳಿದ ಒಂದೆರಡು ಜೀವಿಗಳು ಬೇರೆಯವು ಬಿಟ್ಟ ಎಂಜಲು ತಿಂದು ಜೀವ ಹಿಡಿದವು. ಅಡುಗೆಮನೆ ದಿನಾ ಅವಕ್ಕೆ ಹೊಸ ಹಾಲು ಕೊಟ್ಟು, ಬದುಕಿದವನ್ನಷ್ಟೇ ಮುಂದಕ್ಕೆ ಸಾಗಿಸಿತು. ಬೀಗವಿಲ್ಲದೆ ಬದುಕುವುದನ್ನು ಅವು ಕಲಿತವು. ನೀಲಾ ಜೀವಮಾನವೆಲ್ಲ ಇಂಥ ಮೊಸರು ಉಂಡವಳು. ಪರೀಕ್ಷೆ ಬರೆಯುವಾಗ ಮಾತ್ರ ಅದು ನೆನಪಾಗಲಿಲ್ಲ.

ನಿಯಂತ್ರಣ ಕೊಠಡಿಯ ಗೋಡೆಯ ಪರದೆಯ ಮೇಲೆ ಟ್ಯಾಂಕುಗಳು ಹಸಿರಾಗಿ ಹೊಳೆಯುತ್ತಿದ್ದವು. ಸ್ಥಾವರದ ಮುಖ್ಯಸ್ಥ ಗಲಗಲಿ ಸಾಹೇಬರು ಅವಳ ಮಾತು ಮುಗಿಯುವವರೆಗೆ ಕನ್ನಡಕ ಒರೆಸುತ್ತಲೇ ಇದ್ದರು.

"ಮಂದಿ ಸಾಯ್ತಾರೇನ್ರಿ?"

"ಒಂದೆರಡು ತುತ್ತಿಗೆ ಏನೂ ಆಗೂದಿಲ್ಲ ಸರ್. ವಾಸನಿ ಬಂದದ್ದನ್ನ ಯಾರೂ ತಿನ್ನೂದೂ ಇಲ್ಲ. ಆದ್ರ ಹಿಂಗ ಹೊಂಟ್ರ ಇನ್ನೊಂದು ವರ್ಷಕ್ಕ ಈ ಕಡೆ ಮೊಸರ ಇರೂದಿಲ್ಲ. ಅಂಗಡಿ ಪಾಕೀಟಿನದನ್ನೂ ಇದು ಸೋಲಸ್ತದ. ನಾ ನೋಡೇನಿ."

"ಔಷಧ?"

"ಒಂದ ಐತಿ." ನೀಲಾ ಹಳೆಯ ಪ್ರಯೋಗವೊಂದನ್ನು ನೆನಪಿಸಿದಳು. ಮೊದಲ ವರ್ಷ, ತಿದ್ದಿದ ಜೀವಿಯನ್ನು ಅತ್ತೆಯ ಇಡೀ ಮೊಸರಿಗೆ ಬಿಟ್ಟಾಗ ಎರಡೇ ದಿನದಲ್ಲಿ ಅದು ನಾಪತ್ತೆಯಾಗಿತ್ತು. ಆ ಮೊಸರಿನ ಗುಂಪಿನಲ್ಲಿ ಯಾರೋ ಅದನ್ನು ಮುಗಿಸಿದ್ದರು. ಆಗ ಅದೊಂದು ಕಿರಿಕಿರಿ ಎಂದುಕೊಂಡು ಗುಂಪನ್ನು ಚೆಲ್ಲಿ, ತನಗೆ ಬೇಕಾದ ಒಂದನ್ನು ಮಾತ್ರ ಫ್ರೀಜರಿನಲ್ಲಿ ಉಳಿಸಿಕೊಂಡಿದ್ದಳು. "ಆ ಹಳೇ ಮೊಸರು ಒಂದು ಚಮಚ ಸಿಕ್ರ ಸಾಕು ಸರ್. ಇಲ್ಲೇ ದೊಡ್ಡ ಪ್ರಮಾಣದಾಗ ಬೆಳಸಿ ಮನಿ ಮನಿಗೆ ಹಂಚಬಹುದು. ಆದ್ರ ಮೊದಲು ಬೆಳಸಬೇಕು. ಗುಂಪು ದೊಡ್ಡದಿದ್ರ ಅದು ಗೆಲ್ತದ. ಬರೇ ಒಂದು ಚಮಚ ರೋಗ ಇದ್ದಲ್ಲಿ ಹಾಕಿದ್ರ ಅದು ಸೋತು ರೋಗ ಗೆಲ್ತದ."

"ಸಿಗ್ತದೇನು?"

"ಹುಡುಕ್ತೀನಿ. ಅಲ್ಲೀತನಕ ಟ್ಯಾಂಕ್ ಬಂದ್ ಮಾಡ್ರಿ. ಊರಿಗೂ ಹೇಳೂಣು."

ಗಲಗಲಿಯವರು ಕನ್ನಡಕ ಹಾಕಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. "ನೋಡ್ರಿ ಬಳಿಗಾರ್, ಇವತ್ತ ಟ್ಯಾಂಕ್ ನಿಂತ್ರ ನಾಳೆ ಎಷ್ಟು ಊರಿನ ವಿಮಾನ ನಿಲ್ತಾವ ನಿಮಗ ಗೊತ್ತದ. ಆಪರೇಶನ್‌ಗೆ ಹೋಗೋರು ಇರ್ತಾರ, ಐಸ್ ಪೆಟ್ಟಿಗ್ಯಾಗ ಯಾರದೋ ಮೂತ್ರಪಿಂಡ ಇರ್ತದ. ಔಷಧ ಕೈಯಾಗ ಹಿಡಕೊಂಡು ರೋಗದ ಸುದ್ದಿ ಹೇಳೂಣು. ಬರೇ ರೋಗದ ಸುದ್ದಿ ಹೇಳಿದ್ರ ಮಂದಿ ಫ್ಯಾಕ್ಟರಿಗೆ ಬೆಂಕಿ ಹಚ್ತಾರ. ಎರಡು ದಿನ ತೊಗೋರಿ. ಮನ್ಯಾಗೂ ಹೇಳಬ್ಯಾಡ್ರಿ."

ನೀಲಾ ಒಪ್ಪಿದಳು. ಮಾತು ಸರಿಯೆನಿಸಿತು ಎಂಬುದೊಂದು ಕಾರಣ. ಅತ್ತೆಯ ಮುಖ ನೋಡಿ ಇದನ್ನು ಹೇಳುವ ಧೈರ್ಯ ಅವಳಿಗಿರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ.

*

ಪಾರವ್ವ ಮೂರು ಹೊತ್ತೂ ಮೊಸರು ಬೇಕೆನ್ನುವ ಜೀವ. ಈಗ ಒಣರೊಟ್ಟಿ ಮುರಿದು ಹಿಂಡಿಪಲ್ಯೆಯ ಜೊತೆ ಎರಡು ತುತ್ತು ತಿಂದು ತಾಟು ಸರಿಸುತ್ತಿದ್ದಳು. ಕೆನ್ನೆ ಒಳಗೆ ಹೋಗಿದ್ದವು. ಹೆಪ್ಪಿಗಾಗಿ ಅವಳು ತಟ್ಟದ ಬಾಗಿಲಿಲ್ಲ. ಎಲ್ಲರದ್ದೂ ಅದೇ ಗೋಳು.

"ಯಾರದೋ ಕಣ್ಣ ಬಿದ್ದೈತಿ ಊರಿಗೆ," ಎಂದಳು.

"ಅತ್ತಿ, ಯಾರ ಕಡೆಯಿಂದೂ ಹೆಪ್ಪ ತೊಗೊಳ್ಳದ ಮನಿ ಒಂದರ ಇದ್ದೀತೇನು? ನಮ್ಮ ಹಳೇ ಮೊಸರ ಇದ್ದಂಥಾದ್ದು?"

ಪಾರವ್ವ ಸೆರಗಿನಿಂದ ತಾಟಿನ ಅಂಚು ಒರೆಸಿದಳು. ಆಮೇಲೆ, ಹೆಸರು ಹೇಳಿದರೆ ನಾಲಿಗೆ ಸುಡುತ್ತದೇನೋ ಎಂಬಂತೆ, "ಅಕೀ ಮನ್ಯಾಗ ಐತಿ," ಎಂದಳು.

ಅಕೀ ಎಂದರೆ ಅಮ್ಮಿನಬಾವಿಯ ಸಂಗವ್ವ, ಪಾರವ್ವನ ಹಿರಿಯ ನೆಗೆಣ್ಣಿ. ಇಬ್ಬರೂ ಒಂದೇ ಮನೆಗೆ ಸೊಸೆಯಾಗಿ ಬಂದವರು, ಒಬ್ಬಳೇ ಅತ್ತೆಯ ಕೈಕೆಳಗೆ ಹಾಲು ಕಾಸಿದವರು. ಮನೆ ಪಾಲಾದಾಗ ಹೊಲಕ್ಕೆ ಜಗಳವಾಗಲಿಲ್ಲ, ಎಮ್ಮೆಗೆ ಆಗಲಿಲ್ಲ. ಅತ್ತೆಯ ಮೊಸರಿನ ಕರಿಯ ಗಡಿಗೆಗೆ ಆಯಿತು. ಹಿರಿಯಳು ತಾನು, ತನಗೇ ಸೇರಬೇಕು ಎಂದಳು ಸಂಗವ್ವ. ಪಾರವ್ವ ಗಡಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಚಕ್ಕಡಿ ಹತ್ತಿಬಿಟ್ಟಳು. ಅಂದಿನಿಂದ ಇಬ್ಬರ ನಡುವೆ ಮಾತು ಬಂದ್. ಮದುವೆಗೆ ಹೋಗಲಿಲ್ಲ, ಮಣ್ಣಿಗೂ ಹೋಗಲಿಲ್ಲ.

"ಅಕೀ ಹೆಪ್ಪ ಯಾರಿಗೂ ಕೊಡಾಕಿ ಅಲ್ಲ, ಯಾರದೂ ತೊಗೊಳ್ಳಾಕಿ ಅಲ್ಲ. ಕೊಟ್ರ ಮನೀ ಹೈನ ಹೋಗತೈತಿ ಅಂತಾಳ. ಜಿಪುಣಿ," ಎಂದಳು ಪಾರವ್ವ. "ಆದ್ರ ಮೊಸರ ಮಾತ್ರ ನಮ್ಮತ್ತೀದ. ಅದ ಖರೆ."

ನೀಲಾಳಿಗೆ ಥಟ್ಟನೆ ಹೊಳೆಯಿತು. ಇಡೀ ಜಿಲ್ಲೆಯಲ್ಲಿ ರೋಗ ಮುಟ್ಟದೆ ಉಳಿದ ಮೊಸರಿದ್ದರೆ ಅದು ಯಾರೊಡನೆಯೂ ಹೊಂದಿಕೊಳ್ಳದ ಮುದುಕಿಯ ಮನೆಯಲ್ಲೇ ಇರಬೇಕು. ಜಗಳ ಅದನ್ನು ಕಾಪಾಡಿತ್ತು. ಎಷ್ಟು ದಿನವಾಗಿತ್ತೋ, ಮೊದಲ ಬಾರಿಗೆ ಅವಳು ಮನಸಾರೆ ನಕ್ಕಳು.

"ಅತ್ತಿ, ನಾಡದು ಮುಂಜಾನೆ ನಾ ಅಲ್ಲಿ ಹೋಗಿ ಒಂದು ಚಮಚ ಕೇಳ್ತೀನಿ. ನಾಳೆ ಲ್ಯಾಬಿನ್ಯಾಗ ತಯಾರಿ ಮಾಡ್ಕೋಬೇಕು. ಆ ಮೊಸರೊಂದ ಉಳದೈತಿ ನೋಡ್ರಿ, ಅದು ಸಿಕ್ರ ಊರಿಗೆ ಮೊಸರು ಬರತೈತಿ."

"ಉಳದವರ ಮೊಸರಿಗೆ ಏನಾಗೈತಿ?"

ಹೇಳಲು ಅದೇ ಹೊತ್ತು. ಬಾಯಿಯವರೆಗೆ ಬಂತು. "ಏನೋ ಒಂದು ರೋಗ ಅತ್ತಿ," ಎಂದಳು ನೀಲಾ. "ಹಾಲಿನ್ಯಾಗ ಬಂದಿರಬೇಕು."

"ನಿನಗ ಅಕಿ ಕೊಡಾಕಿಲ್ಲ," ಎಂದಳು ಪಾರವ್ವ. "ಮಜ್ಜಿಗಿಗೆ ಬಂದವರಿಗೆ ಎಮ್ಮಿ ರೇಟ್ ಯಾಕ ಅಂದು ಕಳಸ್ತಾಳ."

*

ಮರುದಿನವೆಲ್ಲ ನೀಲಾ ಪ್ರಯೋಗಾಲಯದಲ್ಲಿ ಒಂದು ಚಮಚ ಮೊಸರಿಗಾಗಿ ಮಂಟಪ ಕಟ್ಟಿದಳು. ಸ್ಟೀಲಿನ ಪಾತ್ರೆಗಳನ್ನು ಹಬೆಯಲ್ಲಿ ಬೇಯಿಸಿದಳು. ತನ್ನ ಕೈ, ಬಟ್ಟೆ, ಕಾರಿನ ಸೀಟಿಗೆ ಕೂಡ ಪಟ್ಟಿ ಇಟ್ಟು ನೋಡಿದಳು. ಮನೆಯಿಂದ ಏನನ್ನೂ ಅಮ್ಮಿನಬಾವಿಗೆ ಒಯ್ಯಬಾರದು, ನೇರ ಇಲ್ಲಿಂದಲೇ ಹೋಗಬೇಕು ಎಂದು ಸಹಾಯಕರಿಗೆ ಎರಡೆರಡು ಸಲ ಹೇಳಿದಳು. ಬರಿಗಣ್ಣಿಗೆ ಕಾಣದ ಒಂದು ತುಣುಕು ಅಂಟಿದ್ದರೂ ಸಾಕು, ಕೆಲಸ ಕೆಡುತ್ತದೆ. ಹೇಳಬೇಕಾದ ಎಲ್ಲರಿಗೂ ಅವಳು ಇದನ್ನು ಹೇಳಿದಳು, ಮನೆಯವರೊಬ್ಬರನ್ನು ಬಿಟ್ಟು.

ಸಂಜೆ ಗಂಡ ಶಿವಯೋಗಿಯ ಫೋನು ಬಂತು. ಅವನು ಹುಬ್ಬಳ್ಳಿ ನಿಲ್ದಾಣದಲ್ಲಿ ವಿಮಾನಕ್ಕೆ ಇಂಧನ ತುಂಬುವ ಕೆಲಸದವನು. ಹೆಂಡತಿ ಕುದಿಸಿದ್ದನ್ನು ಗಂಡ ಬಡಿಸುತ್ತಾನೆ ಎಂದು ಗೆಳೆಯರು ಚೇಷ್ಟೆ ಮಾಡುವುದಿತ್ತು.

"ನೀಲಾ, ಅವ್ವನ್ನ ಅಮ್ಮಿನಬಾವಿಗೆ ಬಿಟ್ಟು ಬಂದೆ."

"ಏನು?"

"ಹಟ ಹಿಡದಳು. ನನ್ನ ಸೊಸಿ ಹೋಗಿ ಅಕೀ ಮುಂದ ಕೈ ಒಡ್ಡೂದು ಬ್ಯಾಡ, ಅಕೀ ಜೋಡಿ ಜಗಳ ಆಡಿದಾಕಿ ನಾ, ಕೇಳಾಕಿನೂ ನಾನ ಅಂದಳು. ಮೀಸಲ ಸೀರಿ ಉಟ್ಕೊಂಡು, ಮಡಲಾಗ ಏನೋ ಗಂಟ ಇಟ್ಕೊಂಡು ಕೂತಿದ್ದಳು. ದೊಡ್ಡವ್ವ ಬಾಗಲದಾಗ ನಿಂತು ನೋಡಿದ್ಲು, ನೋಡಿದ್ಲು, ಆಮ್ಯಾಲ ಇಬ್ಬರೂ ಕೊರಳಿಗೆ ಬಿದ್ದು ಅಳಾಕತ್ತಿದ್ರು. ರಾತ್ರಿ ಅಲ್ಲೇ ಇರ್ತಾಳಂತ."

ಯಾರು ಸಂಧಾನ ಮಾಡಿದರೂ ಕರಗದ ಜಗಳ ಒಂದು ಚಮಚ ಹೆಪ್ಪಿಗೆ ಕರಗಿತಲ್ಲ ಎಂದುಕೊಂಡಳು ನೀಲಾ. ಬೆಳಿಗ್ಗೆ ಬೇಡುವ ಕೆಲಸವೂ ತಪ್ಪಿತು. ಮಡಿಯಾಗಿ ಮೀಸಲು ಸೀರೆ ಉಟ್ಟು ಹೋದವಳಿಗೆ ಏನು ಅಂಟಿರುತ್ತದೆ ಎಂದು ಸಮಾಧಾನ ಮಾಡಿಕೊಂಡಳು. ಗಂಟಿನಲ್ಲಿ ಏನಿತ್ತು ಎಂದು ಕೇಳಲಿಲ್ಲ. ಸೀರೆಯೋ, ಬೆಲ್ಲ ಕೊಬ್ಬರಿಯೋ ಇದ್ದೀತು. ಜಗಳ ಮುರಿಯಲು ಹೋಗುವವರು ಬರಿಗೈಲಿ ಹೋಗುವುದಿಲ್ಲ.

*

ಬೆಳಗಿನ ಬಿಸಿಲು ಸಂಗವ್ವನ ಪಡಸಾಲೆಯ ಅರ್ಧದವರೆಗೆ ಬಂದಿತ್ತು. ನೀಲಾ ಐಸ್ ಪೆಟ್ಟಿಗೆ, ಹಬೆಯಲ್ಲಿ ಬೆಂದ ಸೀಸೆಗಳನ್ನು ಹಿಡಿದು ಹೊಸ್ತಿಲು ದಾಟಿದಳು. ಇಬ್ಬರು ಮುದುಕಿಯರು ಎದುರುಬದುರು ಕುಳಿತು, ಯಾವುದೋ ಹಳೆಯ ಮಾತಿಗೆ ಬೊಚ್ಚುಬಾಯಿ ತೆರೆದು ನಗುತ್ತಿದ್ದರು. ಅವರಿಬ್ಬರ ನಡುವೆ ಸಿಂಬಿಯ ಮೇಲೆ ಕರಿಯ ಗಡಿಗೆ ಕುಳಿತಿತ್ತು.

ಮಾಳಮಡ್ಡಿಯ ಅಡುಗೆಮನೆಯ ಗಡಿಗೆ.

"ಬಾ ನೀಲವ್ವ," ಎಂದಳು ಸಂಗವ್ವ. "ನೋಡು, ನಮ್ಮತ್ತಿ ಮನಿಗೆ ಬಂದಾಳ. ಪಾರಿ ತಾನ ತಂದು ನನ್ನ ಉಡಿಯಾಗ ಇಟ್ಲು. ನೀನ ಹಿರ್ಯಾಕಿ ಅಕ್ಕಾ, ನಿನ್ನ ಹಂತ್ಯಾಕ ಇರಲಿ ಅಂದ್ಲು."

"ಅತ್ತಿ, ಇದನ್ನ ತೊಳದು ತಂದ್ರೇನು?" ನೀಲಾಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು.

"ತೊಳೀಲಾರದ ತರತೀನೇನ?" ಎಂದಳು ಪಾರವ್ವ. "ಕುದಿಯೂ ನೀರ ಹಾಕಿ, ಬೂದಿ ಹಚ್ಚಿ ಮೂರು ಸಲ ತಿಕ್ಕೇನಿ."

ಮಣ್ಣಿನ ಗಡಿಗೆ. ಬೂದಿ ಹಚ್ಚಿದರೆ ಮೇಲಿನ ಜಿಡ್ಡು ಹೋದೀತು. ಮಣ್ಣಿನ ಕಣ್ಣುಕಣ್ಣಿನಲ್ಲಿ ಇಳಿದು ಕೂತದ್ದು ಹೋಗುವುದಿಲ್ಲ. ಅದಕ್ಕೇ ಅಲ್ಲವೇ ಅಂಥ ಗಡಿಗೆಗೆ ಹೆಂಗಸರು ಜೀವ ಬಿಡುವುದು. ಹೆಪ್ಪು ಕಡಿಮೆಯಾದರೂ ಅದರಲ್ಲಿ ಹಾಲು ತಾನೇ ಮೊಸರಾಗುತ್ತದೆ. ನೀಲಾ ಸ್ಟೀಲಿನ ಲೋಕದಲ್ಲಿ ಇಷ್ಟು ವರ್ಷ ಇದ್ದು ಮಣ್ಣನ್ನು ಮರೆತಿದ್ದಳು.

"ದೊಡ್ಡತ್ತಿ, ನಿಮ್ಮ ಮೊಸರು... ನೀವು ದಿನಾ ಹಾಕತಿದ್ದಿರಲ್ಲ, ಆ ಪಾತ್ರಿ ಎಲ್ಲಿ ಐತಿ?"

"ಆ ತಪೇಲಿ? ಇನ್ನ ಅದ್ಯಾಕ? ತಿಕ್ಕಿ ಬಿಸಲಿಗೆ ಬೋರಲ ಹಾಕೇನಿ ನೋಡು. ನಿನ್ನೆ ಇದ್ದ ಮೊಸರು ಇಬ್ಬರೂ ಅನ್ನಕ್ಕ ಕಲಸಿ ಉಂಡಿವಿ. ಪಾರಿ ಎಷ್ಟ ಉಂಡ್ಲ ಗೊತ್ತೇನ, ಕೂಸಿನಗತೆ! ಕಡೀಕ ಉಳದ ಒಂದು ಚಮಚ ಹೆಪ್ಪ ಇದರಾಗ ಹಾಕಿದೆ. ಅತ್ತೀ ಗಡಿಗಿ ಮನಿಗೆ ಬಂದ ಮ್ಯಾಲ ಬ್ಯಾರೆ ಪಾತ್ರ್ಯಾಗ ಹೆಪ್ಪ ಹಾಕೂದು ಸರಿ ಏನ?"

ಸಂಗವ್ವ ಮುಚ್ಚಳ ತೆಗೆದಳು. ಮೊಸರು ಬೆಳ್ಳಗೆ, ಗಟ್ಟಿಯಾಗಿ, ಮೇಲೆ ತೆಳ್ಳನೆಯ ಕೆನೆ ಹೊದ್ದು ಕುಳಿತಿತ್ತು. ವಾಸನೆ ಇನ್ನೂ ಬಂದಿರಲಿಲ್ಲ. ಅದು ಬರುವುದು ಕೆಲವು ದಿನಗಳ ಮೇಲೆ. ನೀಲಾ ಪಟ್ಟಿ ಅದ್ದಿದಳು. ದೇವರನ್ನು ಎಂದೂ ಬೇಡದವಳು ಆಗ ಬೇಡಿದಳು. ಪಟ್ಟಿಯ ತುದಿ ಮೊದಲು ಮಸುಕಾಯಿತು, ಆಮೇಲೆ ನೀಲಿ ನಿಧಾನವಾಗಿ ಮೇಲೇರಿತು.

"ಓಣ್ಯಾನ ಮಂದಿಗೂ ಮುಂಜಾನೆ ಒಂದೊಂದು ಚಮಚ ಕೊಟ್ಟೆ," ಎನ್ನುತ್ತಿದ್ದಳು ಸಂಗವ್ವ. "ಇಷ್ಟು ವರ್ಷ ಇಲ್ಲ ಅಂದು ಅಂದು ಏನ ಗಳಿಸಿದೆ? ತೊಗೋ, ನಿನಗೂ ತುಂಬತೀನಿ, ಸೀಸೆ ಹಿಡಿ."

ನೀಲಾಳ ಫೋನು ರಿಂಗಾಯಿತು. ಗಲಗಲಿ ಸಾಹೇಬರು.

"ಸಿಕ್ತೇನ್ರಿ ಬಳಿಗಾರ್?"

"ಸಿಕ್ಕಿತ್ತು ಸರ್."

"ಸಿಕ್ಕಿತ್ತು ಅಂದ್ರ?"

"ಟ್ಯಾಂಕ್ ಬಂದ್ ಮಾಡ್ರಿ ಸರ್. ವಿಮಾನ ನಿಲ್ಲಸ್ರಿ. ಊರಿಗೆ ಹೇಳ್ರಿ. ನಾ ನಮ್ಮ ಮನ್ಯಾಗ ಈಗ ಹೇಳ್ತೀನಿ." ಉತ್ತರಕ್ಕೆ ಕಾಯದೆ ಫೋನು ಇಟ್ಟಳು.

ಹೇಳಿದಳು. ನೆಲದ ಮೇಲೆ ಕುಳಿತು, ಇಬ್ಬರ ಮುಖವನ್ನೂ ನೋಡುತ್ತ, ಎಲ್ಲವನ್ನೂ ಹೇಳಿದಳು. ರೋಗ ಹಾಲಿನಿಂದ ಬಂದದ್ದಲ್ಲ, ತನ್ನ ಕೈಯಿಂದ ಬಂದದ್ದು. ಗಡಿಗೆಯ ಮಣ್ಣಿನಲ್ಲಿ ಅದು ಮನೆ ಮಾಡಿದೆ. ಸಂಗವ್ವನ ತಪೇಲಿಯಲ್ಲಿದ್ದ ಮೊಸರೇ ಕಡೆಯದಾಗಿತ್ತು, ಅದು ಈಗ ಇಲ್ಲ. ಗಡಿಗೆಯನ್ನು ಸುಡಬೇಕು, ಓಣಿಯ ಮನೆಮನೆಗೂ ಹೋಗಿ ಕೊಟ್ಟದ್ದನ್ನು ಚೆಲ್ಲಿಸಬೇಕು.

ಸಂಗವ್ವ ಗಡಿಗೆಯನ್ನು ಎರಡೂ ಕೈಯಿಂದ ಮಡಿಲಿಗೆ ಎಳೆದುಕೊಂಡಳು. "ಸುಡತೀರಿ? ಇದನ್ನ?" ಎಂದಳು. "ನಿನ್ನೆ ಬಂದೈತಿ ಯವ್ವಾ. ಇವತ್ತೊಂದು ದಿನ ಇರಲಿ."

ಪಾರವ್ವ ನೆಗೆಣ್ಣಿಯ ತೋಳಿನ ಮೇಲೆ ಕೈಯಿಟ್ಟಳು. ಸೊಸೆಯನ್ನು ಬೈಯಲಿಲ್ಲ. ಹಾಲಿನವನನ್ನು, ಸೋಪನ್ನು, ಸೊಸೆಯನ್ನು ಬೈದು ಬೈದು ಸವೆದ ಬಾಯಿ ಆಗ ಬಹಳ ಮೆಲ್ಲಗೆ ಮಾತಾಡಿತು.

"ಮೊನ್ನೆ ಕೇಳಿದ್ನಲ್ಲ ನೀಲಾ, ಮೊಸರಿಗೆ ಏನಾಗೈತಿ ಅಂತ. ಇದನ್ನ ಆಗ ಹೇಳಿದ್ರ ನಾ ಬರೀಗೈಲೇ ಬರತಿದ್ನಲ್ಲವಾ?"

ಸಂಗವ್ವ ಗಡಿಗೆಯ ಮೇಲೆ ಮುಚ್ಚಳ ಎಳೆದು, ಸೆರಗು ಹೊದಿಸಿ, ಕೈ ತೆಗೆಯದೆ ಕುಳಿತಳು.